ಏಳನೇ ತಿರುವಿನ ಹೆಸರು

ಸೈಕಲ್ ರಿಪೇರಿ ಮಾಡುವವನಿಗೆ ಸೈಕಲ್ ಮೇಲೆ ಪ್ರೀತಿ ಇರುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ನನಗಂತೂ ಇಲ್ಲ. ಯಲ್ಲಾಪುರದ ಬಸ್‌ಸ್ಟ್ಯಾಂಡ್ ಹಿಂದೆ ಇಪ್ಪತ್ತೆರಡು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಸೈಕಲ್ ಎಂದರೆ ಪಂಕ್ಚರು, ಚೈನು, ಮತ್ತು ‘ಮೊಯಿನ್ ಭಾಯ್, ಸಂಜೆಗೆ ಬೇಕೇ ಬೇಕು’ ಎನ್ನುವ ಗಿರಾಕಿ. ಅದರಲ್ಲೂ ಈಚೆಗೆ ಬಂದಿರುವ ದಪ್ಪ ಟೈರಿನ ಗುಡ್ಡದ ಸೈಕಲ್ಲುಗಳನ್ನು ಕಂಡರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಒಳ್ಳೆಯ ಡಾಂಬರು ರಸ್ತೆ ಬಿಟ್ಟು, ಬೇಕೆಂದೇ ಕಲ್ಲು ಹುಡುಕಿಕೊಂಡು ಹೋಗಿ ಬಿದ್ದು, ಬಿದ್ದದ್ದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುವವರಿಗೆ ಏನೆನ್ನಬೇಕು? ಆದರೂ ಅವುಗಳ ಡಿಸ್ಕ್ ಬ್ರೇಕ್ ಬಿಚ್ಚಿ ಕಟ್ಟುವುದನ್ನು ಕಲಿತೆ. ಕಲಿಯದಿದ್ದರೆ ಕಾವ್ಯಶ್ರೀ ಟೀಚರು ಬಿಡುತ್ತಿರಲಿಲ್ಲ.

ಈ ಕಾವ್ಯಶ್ರೀ ಶಿರಸಿಯ ಒಂದು ಶಾಲೆಯಲ್ಲಿ ಆಟ ಕಲಿಸುವವರು. ಮೂವತ್ತೈದರ ಆಸುಪಾಸು, ಸೋಲೊಪ್ಪದ ಹೆಂಗಸು. ಅರಬೈಲ್ ಘಟ್ಟದ ಮೇಲಿನ ಗುಡ್ಡದಲ್ಲಿ ಸೈಕಲ್ ದಾರಿ ಮಾಡುತ್ತೇನೆಂದು ಅವರು ಹೊರಟಾಗ ನಾನು ಬಾಯಿಬಿಟ್ಟೇ ನಕ್ಕಿದ್ದೆ. ಆ ಗುಡ್ಡದಲ್ಲಿ ಹಿಂದೆ ಮ್ಯಾಂಗನೀಸ್ ಗಣಿ ಇತ್ತು. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಮುಚ್ಚಿತು. ಕಪ್ಪು ಅದಿರು ತೆಗೆದ ಹೊಂಡಗಳಲ್ಲಿ ಈಗ ನೀರು ನಿಂತಿದೆ, ಬೇಡದ ಮಣ್ಣು ಸುರಿದ ಇಳಿಜಾರುಗಳಲ್ಲಿ ಅಕೇಶಿಯಾ ಬೆಳೆದಿದೆ. ಗಣಿಯಿಂದ ಹೆದ್ದಾರಿ ಪಕ್ಕದ ಡಿಪೋಗೆ ಲಾರಿಗಳು ಇಳಿಯುತ್ತಿದ್ದ ಮಣ್ಣಿನ ದಾರಿ ಮಾತ್ರ, ಹನ್ನೆರಡು ತಿರುವುಗಳ ಸಮೇತ, ಪೊದೆಗಳ ಅಡಿಯಲ್ಲಿ ಹಾಗೆಯೇ ಉಳಿದಿತ್ತು. ಕಾವ್ಯಶ್ರೀ ಅರಣ್ಯ ಇಲಾಖೆಯಿಂದ ಅನುಮತಿ ತಂದರು, ಅರಬೈಲಿನ ಗ್ರಾಮ ಅರಣ್ಯ ಸಮಿತಿಯವರನ್ನು ಜೊತೆಗೆ ಹಾಕಿಕೊಂಡರು, ಮೂರು ತಿಂಗಳು ಪೊದೆ ಸವರಿಸಿದರು. ನಕ್ಕ ತಪ್ಪಿಗೆ ನನ್ನನ್ನು ಮೆಕ್ಯಾನಿಕ್ ಮಾಡಿಕೊಂಡರು.

ಒಂದು ದಿನ ಅವರು ನಮ್ಮ ಮನೆಗೆ ಬಂದರು. ಜೊತೆಗೆ ಸಮಿತಿಯ ರಾಘು ಇದ್ದ. ಅವನ ಅಪ್ಪ ಅದೇ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ಬೇಕಾಗಿದ್ದದ್ದು ನನ್ನ ಅಬ್ಬಾ. ಅಬ್ಬಾನ ಹೆಸರು ಮಕ್ಬೂಲ್. ಹದಿನಾಲ್ಕು ವರ್ಷ ಆ ದಾರಿಯಲ್ಲಿ ಲಾರಿ ಓಡಿಸಿದವರು, ಆಮೇಲೆ ಸ್ವಂತ ಲಾರಿ ಮಾಡಿಕೊಂಡು ಪೇಟೆಯಲ್ಲಿ ‘ಸೇಠ್’ ಎನಿಸಿಕೊಂಡವರು. ತಿರುವುಗಳಿಗೆ ಡ್ರೈವರುಗಳು ಇಟ್ಟ ಹೆಸರುಗಳಿರಬೇಕಲ್ಲ, ಅವನ್ನೇ ಬೋರ್ಡಿನಲ್ಲಿ ಬರೆಸೋಣ ಎಂಬುದು ಕಾವ್ಯಶ್ರೀಯವರ ಆಸೆ. ಎಪ್ಪತ್ತೈದರ ಅಬ್ಬಾ ಕಣ್ಣು ಮುಚ್ಚಿಕೊಂಡು ಮೇಲಿನಿಂದ ಇಳಿಯುತ್ತ ಬಂದರು. ಮೊದಲನೆಯದು ಕಾಟಾ ತಿರುವು, ಅಲ್ಲಿ ಲಾರಿ ತೂಗುತ್ತಿದ್ದರು. ಎರಡನೆಯದು ನೀರಿನ ತಿರುವು, ರೇಡಿಯೇಟರಿಗೆ ನೀರು ಹಾಕುವುದು ಅಲ್ಲಿ. ಮೂರು ಜೇನು, ನಾಲ್ಕು ಬೀಡಿ. ಐದು ಪಾಟಾ ತಿರುವು, ಅಲ್ಲಿನ ಗುಂಡಿಗೆ ಎಷ್ಟು ಲಾರಿಗಳ ಸ್ಪ್ರಿಂಗ್ ಪಾಟಾ ಮುರಿದಿದೆಯೋ ಲೆಕ್ಕವಿಲ್ಲ. ಆರು ಹಲಸಿನದು. ಏಳಕ್ಕೆ ಬಂದಾಗ ಅಬ್ಬಾ ಕಣ್ಣು ಬಿಟ್ಟರು.

“ಏಳನೇದಕ್ಕೆ ಹೆಸರಿಲ್ಲ. ಏಳನೇ ತಿರುವು ಅಷ್ಟೇ,” ಎಂದರು.

ರಾಘು ಅಲ್ಲಿಗೇ ಬಿಡಲಿಲ್ಲ. “ಇಲ್ಲ ಸೇಠ್ರೆ, ನಮ್ಮಪ್ಪ ಅದಕ್ಕೆ ಬಿಸ್ಮಿಲ್ಲಾ ತಿರುವು ಹೇಳ್ತಿದ್ದ,” ಎಂದ.

ಅಬ್ಬಾ ಆಗ ಹೌದೆಂದರು. ಅಲ್ಲಿ ದಾರಿ ಕಡಿದು, ಅಗಲ ಕಡಿಮೆ. ಡ್ರೈವರುಗಳು ದೇವರ ಹೆಸರು ಹೇಳಿ ಇಳಿಸುತ್ತಿದ್ದರು, ಅದಕ್ಕೆ ಹಾಗೆ ಬಂತು ಎಂದು ವಿವರಿಸಿದರು. ನಾನೂ ತಲೆಯಾಡಿಸಿದೆ. ನನಗೆ ಈ ಕಥೆ ಹೊಸದಲ್ಲ. ನನ್ನ ಅಮ್ಮನ ಹೆಸರೂ ಬಿಸ್ಮಿಲ್ಲಾ ಬಿ. ಸಣ್ಣವನಿದ್ದಾಗ ಯಾರದೋ ಬಾಯಲ್ಲಿ ಆ ತಿರುವಿನ ಹೆಸರು ಕೇಳಿ, ಅದು ಅಮ್ಮನ ತಿರುವೇ ಎಂದು ಅಬ್ಬಾನನ್ನು ಕೇಳಿದ್ದೆ. ಬಿಸ್ಮಿಲ್ಲಾ ಎಂದರೆ ಅಲ್ಲಾಹನ ಹೆಸರಿನಿಂದ ಎಂದರ್ಥ, ಅದು ಎಲ್ಲರದೂ ಎಂದು ಅವರು ಗದರಿಸಿದ್ದರು. ಗದರಿಸಿದ್ದು ಯಾಕೆಂದು ಆಗ ಹೊಳೆಯಲಿಲ್ಲ. ಅಬ್ಬಾ ಅಮ್ಮನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ‘ಮೊಯಿನ್‌ನ ಅಮ್ಮಾ’ ಎಂದೇ ಕರೆಯುವುದು. ಗಂಡ ಹೆಂಡತಿಯ ಹೆಸರು ಹಿಡಿಯಬಾರದು ಎಂಬುದು ಅವರ ಕಾಲದ ಪದ್ಧತಿ. ಊಟಕ್ಕೆ ಕೂರುವಾಗ ದಿನಕ್ಕೆ ಮೂರು ಸಲ ಬಿಸ್ಮಿಲ್ಲಾ ಎನ್ನುತ್ತಾರೆ, ಅದು ದೇವರಿಗೆ.

ಕಾವ್ಯಶ್ರೀಗೆ ಕಥೆ ಹಿಡಿಸಿತು, ಬರೆದುಕೊಂಡರು. ಅಮ್ಮ ಒಳಗಿನಿಂದ ಚಹಾ ತಂದಿಟ್ಟಳು. ಎಲ್ಲರ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಬೋರ್ಡುಗಳು ತಯಾರಾದವು. ಹಳದಿ ತಗಡಿನ ಮೇಲೆ ಕಪ್ಪು ಅಕ್ಷರ. ಏಳನೆಯದರಲ್ಲಿ ದೊಡ್ಡದಾಗಿ ‘ಬಿಸ್ಮಿಲ್ಲಾ ತಿರುವು’, ಕೆಳಗೆ ಸಣ್ಣದಾಗಿ ‘ಲಾರಿ ಚಾಲಕರು ಇಲ್ಲಿ ದೇವರನ್ನು ನೆನೆಯುತ್ತಿದ್ದರು’.

ಉದ್ಘಾಟನೆಗೆ ಒಂದು ವಾರ ಇರುವಾಗ ಪರೀಕ್ಷೆಗೆಂದು ಹತ್ತು ಜನ ಸೈಕಲ್ ಇಳಿಸಿದರು. ಆ ದಾರಿಯಲ್ಲಿ ತೊಂದರೆ ಇರುವುದು ಒಂದೇ ಕಡೆ. ಆರರಿಂದ ಎಂಟರವರೆಗೆ ಒಂದು ಪಕ್ಕ ಗಣಿಯವರು ಕಡಿದ ಎತ್ತರದ ಬಂಡೆಗೋಡೆ, ಇನ್ನೊಂದು ಪಕ್ಕ ಕಣಿವೆ. ಹತ್ತುವವರಿಗೂ ಇಳಿಯುವವರಿಗೂ ಅದೇ ಕಿರಿದಾದ ದಾರಿ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾಗಾಗಿ ಏಳನೇ ತಿರುವಿನಲ್ಲಿ ರಾಘುವನ್ನು ನಿಲ್ಲಿಸಿದ್ದರು. ಸೈಕಲ್ಲಿನವರು ಸೀಟಿ ಊದಬೇಕು; ಸೀಟಿ ಕೇಳಿದ ಕಡೆಯವರಿಗೆ ದಾರಿ ಬಿಟ್ಟು, ರಾಘು ಎದುರಿನವರನ್ನು ತಡೆಯಬೇಕು. ಇಷ್ಟು ಸುಲಭದ ಕೆಲಸ. ಅವನು ಎರಡು ಸಲ ತಪ್ಪಿದ. ಮೊದಲನೆಯದು ನಗೆಯಲ್ಲಿ ಮುಗಿಯಿತು. ಎರಡನೆಯ ಸಲ ಮೇಲಿನಿಂದ ಕಾವ್ಯಶ್ರೀ ಬರುತ್ತಿದ್ದರು, ಕೆಳಗಿನಿಂದ ಒಬ್ಬ ಹತ್ತುತ್ತಿದ್ದ. ಎದುರುಬದುರಾದಾಗ ಕಾವ್ಯಶ್ರೀ ಬ್ರೇಕ್ ಒತ್ತಿ ಕಣಿವೆಯ ಕಡೆಗೆ ಉರುಳಿದರು. ಅಕೇಶಿಯಾ ಮರವೊಂದು ತಡೆಯಿತು. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು.

ಅದಾದ ನಾಲ್ಕನೇ ದಿನ ಕಾವ್ಯಶ್ರೀ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ರಾಘುವಿನೊಂದಿಗೆ ಮತ್ತೆ ನಮ್ಮ ಮನೆಗೆ ಬಂದರು. ಏಳನೇ ತಿರುವಿನದು ಸರಿಹೋಗುವವರೆಗೆ ದಾರಿ ತೆರೆಯಬೇಡಿ ಎಂದು ಅರಣ್ಯದವರು ಹೇಳಿದ್ದರಂತೆ. ಸಮಿತಿಯ ಹಿರಿಯರೊಬ್ಬರು ಇನ್ನೊಂದು ಮಾತು ಸೇರಿಸಿದ್ದರು: ಬೋರ್ಡಿನಲ್ಲಿ ದೇವರು ದಿಂಡರು ಬೇಡ, ಯಾರಾದರೂ ಫೋಟೊ ತೆಗೆದು ಇಲ್ಲಸಲ್ಲದ್ದು ಹಬ್ಬಿಸಿದರೆ ತಲೆನೋವು, ಆ ಒಂದಕ್ಕೆ ಬರೀ ನಂಬರು ಹಾಕಿ ಎಂದು. ಕಾವ್ಯಶ್ರೀಗೆ ಮನಸ್ಸಿರಲಿಲ್ಲ. ಆದರೆ ಅಬ್ಬಾ ತಡಮಾಡದೆ ಒಪ್ಪಿಬಿಟ್ಟರು. ನಾನು ಮೊದಲೇ ಹೇಳಿರಲಿಲ್ಲವೇ, ಏಳನೇ ತಿರುವು ಎಂದರೆ ಸಾಕು ಎಂದರು. ಅವರ ಮುಖದಲ್ಲಿ ನಿರಾಳ ಕಂಡಿತು.

ರಾಘು ಪಾಪ, ತಲೆ ತಗ್ಗಿಸಿ ಕೂತಿದ್ದ. ಸೀಟಿ ಮೇಲಿನಿಂದಲೇ ಕೇಳಿತ್ತು, ತಾಯಾಣೆಗೂ ಮೇಲಿನಿಂದಲೇ, ಅದಕ್ಕೇ ಟೀಚರಿಗೆ ದಾರಿ ಬಿಟ್ಟೆ ಎಂದು ನಾಲ್ಕನೇ ಸಲವೋ ಐದನೇ ಸಲವೋ ಹೇಳುತ್ತಿದ್ದ. ಟೀಚರು ಆಗ ಸೀಟಿಯನ್ನೇ ಊದಿರಲಿಲ್ಲ. ಊದಿದವನು ಕೆಳಗಿದ್ದ.

“ಆ ಹುಡುಗಂದು ಸುಳ್ಳಲ್ಲ,” ಎಂದಳು ಅಮ್ಮ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊರಗಿನವರ ಮಾತಿನ ನಡುವೆ ಬಾಯಿ ಹಾಕುವ ಅಭ್ಯಾಸ ಅವಳಿಗಿಲ್ಲ. ನಾವೆಲ್ಲ ತಿರುಗಿ ನೋಡಿದೆವು.

“ಅಲ್ಲಿ ಗೋಡೆ ಬುಡದಲ್ಲಿ ನಿಂತ್ರೆ ಹಾಗೇ ಆಗೋದು. ಕೆಳಗಿನ ಸದ್ದನ್ನ ಬಂಡೆ ಮೇಲಿಂದ ತಿರುಗಿಸಿ ಕೊಡ್ತದೆ. ಮೇಲಿಂದ ಕೇಳ್ತು ಅಂದ್ರೆ ಗಾಡಿ ಕೆಳಗಿದೆ ಅಂತ ತಿಳ್ಕೋಬೇಕು. ನಾನೂ ಮೊದಲನೇ ವಾರ ಎರಡು ಸಲ ತಪ್ಪಿದ್ದೆ.”

ನಾನು ನಕ್ಕೆ. ನೀನ್ಯಾವಾಗ ಅಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಅಮ್ಮ ನನ್ನನ್ನು ನೋಡಲಿಲ್ಲ, ಅಬ್ಬಾನನ್ನು ನೋಡಿದಳು. ಅಬ್ಬಾ ನೆಲ ನೋಡುತ್ತಿದ್ದರು.

“ಒಂಬತ್ತು ವರ್ಷ ನಿಂತಿದ್ದೆ,” ಎಂದಳು.

ನಲವತ್ಮೂರು ವರ್ಷ ಅವಳ ಮಗನಾಗಿ ಬದುಕಿದ ನಾನು, ಒಬ್ಬ ಆಟದ ಟೀಚರ ಮುಂದೆ ಕೂತು ಅವಳ ಕಥೆ ಕೇಳಿದೆ. ಅವಳ ಅಪ್ಪ ಗಣಿಯಲ್ಲಿ ವಾಚ್‌ಮನ್ ಆಗಿದ್ದರು. ಅವರು ತೀರಿಕೊಂಡಾಗ ಇವಳಿಗೆ ಹದಿನಾರು, ಮನೆಯಲ್ಲಿ ಬೇರೆ ದಿಕ್ಕಿಲ್ಲ. ಗಣಿಯವರು ಕೈಗೆ ಕೆಂಪು ಬಟ್ಟೆ, ಹಸಿರು ಬಟ್ಟೆ ಕೊಟ್ಟು ಏಳನೇ ತಿರುವಿನಲ್ಲಿ ನಿಲ್ಲಿಸಿದರು. ತುಂಬಿದ ಲಾರಿ ಇಳಿಯುವಾಗ ಖಾಲಿ ಲಾರಿಯನ್ನು ಕೆಳಗೇ ತಡೆಯುವುದು ಕೆಲಸ. ತುಂಬಿದ್ದಕ್ಕೆ ನಿಲ್ಲಲು ಬರುವುದಿಲ್ಲ, ಖಾಲಿಯದಕ್ಕೆ ಬರುತ್ತದೆ, ಹಾಗಾಗಿ ದಾರಿ ಯಾವತ್ತೂ ತುಂಬಿದ ಗಾಡಿಗೆ. ಅವಳು ನಿಂತ ಒಂಬತ್ತು ವರ್ಷದಲ್ಲಿ ಆ ತಿರುವಿನಲ್ಲಿ ಒಂದು ಲಾರಿಗೆ ಇನ್ನೊಂದು ತಾಗಲಿಲ್ಲ. ಡ್ರೈವರುಗಳು ‘ಬಿಸ್ಮಿಲ್ಲಾ ಬಿ ತಿರುವು’ ಎನ್ನತೊಡಗಿದರು. ಇಡೀ ದಿನ ಹೇಳುವ ಮಾತು, ಹೇಳಿ ಹೇಳಿ ‘ಬಿ’ ಬಿದ್ದುಹೋಯಿತು. ಹಾಗೆ ನಿಲ್ಲುತ್ತಿದ್ದ ಲಾರಿಗಳಲ್ಲಿ ಒಂದು ಅಬ್ಬಾನದು. ಮದುವೆಯಾದ ಮೇಲೂ ಅವಳು ಎರಡು ವರ್ಷ ನಿಂತಳು, ನಾನು ಹೊಟ್ಟೆಯಲ್ಲಿ ಆರು ತಿಂಗಳು ಆಗುವವರೆಗೂ. ಆಮೇಲೆ ಅಬ್ಬಾ ಕೆಲಸ ಬಿಡಿಸಿ ಯಲ್ಲಾಪುರಕ್ಕೆ ಕರೆತಂದರು.

ಅವಳು ಹೇಳುತ್ತಿರುವಾಗಲೇ ಅಬ್ಬಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದ್ದಕ್ಕಲ್ಲ, ಆ ಸುಳ್ಳಿಗೆ ನಾನೂ ತಲೆಯಾಡಿಸಿದ್ದಕ್ಕೆ. ಅಮ್ಮ ಒಳಗೆ ಚಹಾ ಮಾಡುತ್ತಿದ್ದಾಗ, ಅವಳಿಗೆ ಕೇಳಿಸುತ್ತಿದ್ದ ಮಾತಿಗೇ ನಾನು ಹೌದು ಹೌದು ಎಂದಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾವ್ಯಶ್ರೀ ಕೂಡಲೇ ಬೋರ್ಡು ತಿದ್ದಿಸುತ್ತೇನೆ ಎಂದರು. ಅಮ್ಮ ತಡೆದಳು.

“ನನ್ನ ಕೆಲಸ ದೇವರ ಹೆಸರಿಗೆ ಹೋಯ್ತು ಮಗಾ. ದೇವರಿಗೆ ಅವನದೇ ಬೇಕಾದಷ್ಟಿದೆ. ನನ್ನದು ನನಗೆ ಬಂದ್ರೆ ಖುಷಿ, ಇಲ್ಲ ಅನ್ನೋದಿಲ್ಲ. ಆದ್ರೆ ಮೊಯಿನ್‌ನ ಅಬ್ಬಾ ಒಪ್ಪಬೇಕು. ಅವರು ಬೇಡ ಅಂದ್ರೆ ನಂಬರೇ ಇರ್ಲಿ. ಆ ಸುಳ್ಳು ಮಾತ್ರ ಬೇಡ.”

ಮಾರನೆಯ ದಿನ ಬೆಳಿಗ್ಗೆ ಅಮ್ಮನನ್ನು ನನ್ನ ಗೂಡ್ಸ್ ಆಟೊದಲ್ಲಿ ಕೂರಿಸಿಕೊಂಡು ಎಂಟನೇ ತಿರುವಿನವರೆಗೆ ಹೋದೆ, ಅಲ್ಲಿಂದ ನಡೆದೆವು. ಅರವತ್ತೆಂಟರ ಮಂಡಿ ನೋವಿನ ಹೆಂಗಸು, ಮನೆಯಲ್ಲಿ ಎರಡು ಮೆಟ್ಟಿಲಿಗೆ ಗೋಡೆ ಹಿಡಿಯುವವಳು, ಆ ದಾರಿಯಲ್ಲಿ ನನ್ನ ಕೈ ಬೇಡವೆಂದಳು. ಏಳನೇ ತಿರುವಿನಲ್ಲಿ ಕಾವ್ಯಶ್ರೀ, ರಾಘು ನಮಗಾಗಿ ಕಾಯುತ್ತಿದ್ದರು. ಅಮ್ಮ ರಾಘುವಿಗೆ, ಎಲ್ಲಿ ನಿಂತಿದ್ದೆ ತೋರಿಸು ಎಂದಳು. ಅವನು ಗೋಡೆಗೆ ಬೆನ್ನು ಕೊಟ್ಟು ನೆರಳಿನಲ್ಲಿ ನಿಂತು ತೋರಿಸಿದ. ಅಮ್ಮ ಅವನ ತೋಳು ಹಿಡಿದು ದಾರಿಯಾಚೆಗೆ, ಕಣಿವೆಯ ಅಂಚಿನಲ್ಲಿದ್ದ ಮೊಣಕಾಲೆತ್ತರದ ಕಪ್ಪು ಕಲ್ಲಿನ ಹಿಂದಕ್ಕೆ ಕರೆದುಕೊಂಡು ಹೋದಳು. ಇಲ್ಲಿ ಬಿಸಿಲು ಹೊಡೆಯುತ್ತದೆ, ಆದರೆ ಸದ್ದು ನೇರ ಬರುತ್ತದೆ ಎಂದಳು. ಆ ಕಲ್ಲಿನ ಹಿಂದಿನ ನೆಲ ಎರಡು ಪಾದದಷ್ಟು ಅಗಲಕ್ಕೆ ತಗ್ಗಾಗಿತ್ತು. ಅದು ಮಳೆನೀರು ಕೊರೆದದ್ದೋ ಅವಳು ನಿಂತು ಆದದ್ದೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ನಿಂತಳು. ಕಾವ್ಯಶ್ರೀಯವರ ಸೈಕಲ್ ತಂಡದವರು ಮೇಲೂ ಕೆಳಗೂ ಹೋಗಿ ಮನಸ್ಸಿಗೆ ಬಂದ ಹಾಗೆ ಸೀಟಿ ಊದಿದರು. ಅಮ್ಮ ಕೈಯೆತ್ತಿ ಮೇಲೆ, ಕೆಳಗೆ, ಕೆಳಗೆ, ಮೇಲೆ ಎಂದು ತೋರಿಸುತ್ತ ಹೋದಳು. ಹದಿನೇಳು ಸಲದಲ್ಲಿ ಹದಿನೇಳೂ ಸರಿ. ಆಮೇಲೆ ಅದೇ ಜಾಗದಲ್ಲಿ ರಾಘುವನ್ನು ನಿಲ್ಲಿಸಿದಳು, ಅವನೂ ತಪ್ಪಲಿಲ್ಲ. ಇಲ್ಲೂ ಇಳಿಯುವವರಿಗೇ ದಾರಿ ಬಿಡು, ಹತ್ತುವವರು ಕಾಲೂರಿ ನಿಲ್ಲಬಹುದು ಎಂದು ಹೇಳಿಕೊಟ್ಟಳು. ನೋಡಲು ಬಂದಿದ್ದ ಅರಣ್ಯದವರು ಭಾನುವಾರವೇ ತೆರೆಯಿರಿ ಎಂದರು. ಇಳಿದು ಬರುವಾಗ ಅಮ್ಮ ಬೋರ್ಡಿನ ಕಡೆ ಒಮ್ಮೆ ನೋಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ಅಬ್ಬಾ ಎರಡು ದಿನ ಮನೆಯಲ್ಲಿ ಮಾತಾಡಲಿಲ್ಲ. ಶನಿವಾರ ಸಂಜೆ ಅಂಗಡಿಗೆ ಬಂದು ಹಳೆಯ ಟೈರುಗಳ ಮೇಲೆ ಕೂತರು. ನಾನು ತಲೆಯೆತ್ತದೆ ಸ್ಪೋಕ್ ಬಿಗಿಯುತ್ತಿದ್ದೆ. ಹೇಳಬೇಕೆಂದುಕೊಂಡದ್ದು ಬಹಳ ಇತ್ತು, ಆದರೆ ವಯಸ್ಸಾದ ಮನುಷ್ಯನನ್ನು ಬಯ್ಯಲು ಬಾಯಿ ಬರಲಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದಷ್ಟೇ ಕೇಳಿದೆ.

ಮೊದಲು ಅವರು ತಂಗಿಯರ ಹೆಸರು ತೆಗೆದರು. ತಸ್ಲೀಮ್‌ಗೆ, ಅಫ್ಸಾನಾಗೆ ಗಂಡು ನೋಡುವಾಗ, ತಾಯಿ ಲಾರಿಯವರ ನಡುವೆ ನಿಂತು ಕೂಲಿ ಮಾಡಿದವಳು ಎಂದು ಗೊತ್ತಾದರೆ ಜನ ಏನೆಂದಾರು ಎಂಬ ಹೆದರಿಕೆಯಿತ್ತು ಎಂದರು. ಅವರಿಬ್ಬರ ಮದುವೆಯಾಗಿ ಹದಿನೈದು ವರ್ಷವಾಯಿತಲ್ಲ ಎಂದೆ. ಅಬ್ಬಾ ತಾವು ಕೂತಿದ್ದ ಟೈರಿನ ಅಂಚನ್ನು ಉಗುರಿನಿಂದ ಕೆರೆದರು.

“ದಿನಕ್ಕೆ ಆರು ಸಲ ಖಾಲಿ ಗಾಡಿ ಹತ್ತಿಸ್ತಿದ್ದೆ. ಆರು ಸಲವೂ ಅವಳು ಹಸಿರು ಬಟ್ಟೆ ಎತ್ತೋ ತನಕ ನಿಂತು ನೋಡ್ತಿದ್ದೆ. ಅವಳು ಬೇಗ ಎತ್ತೋದು ಬೇಡ ಅನಿಸ್ತಿತ್ತು. ಲಗ್ನ ಆದ್ಮೇಲೆ ಕ್ಲೀನರ್‌ಗಳೂ ನನ್ನೆದುರೇ, ಬಿಸ್ಮಿಲ್ಲಾ ಹತ್ರ ನಿಂತಿದ್ವಿ, ಬಿಸ್ಮಿಲ್ಲಾ ಬಿಟ್ಲು, ಅಂತಿದ್ರು. ನನ್ನ ಹೆಂಡತಿ ಹೆಸರು ಎಲ್ಲರ ಬಾಯಲ್ಲೂ ಇತ್ತು. ನನ್ನ ಬಾಯಲ್ಲಿ ಮಾತ್ರ ಇರ್ಲಿಲ್ಲ.”

ಬರೀ ಹೊಟ್ಟೆಕಿಚ್ಚು. ನಲವತ್ತೈದು ವರ್ಷ ಹಳೆಯ ಹೊಟ್ಟೆಕಿಚ್ಚನ್ನು ಈ ಮನುಷ್ಯ ಮರ್ಯಾದೆಯ ಬಟ್ಟೆ ಹೊದೆಸಿ ಇಟ್ಟುಕೊಂಡಿದ್ದರು. ನನಗೆ ಸಿಟ್ಟೂ ಇಳಿಯಿತು, ಕರುಣೆಯೂ ಬಂತು. ಹಾಗೆಂದು ಸುಲಭಕ್ಕೆ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಅಮ್ಮ ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದಾಳೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ದಾರಿ ತೆರೆಯುತ್ತಾರೆ, ನೀವು ಏನೂ ಹೇಳದಿದ್ದರೆ ಅಲ್ಲಿ ನಂಬರು ಬೀಳುತ್ತದೆ ಎಂದೆ. ಅವರು ಎದ್ದು ಹೋದರು.

ಭಾನುವಾರ ನಾನು, ಅಮ್ಮ ಬೇಗನೆ ಹೊರಟೆವು. ಅಬ್ಬಾ ಮನೆಯಲ್ಲಿರಲಿಲ್ಲ. ಬೆಳಗಿನ ನಮಾಜಿಗೆ ಹೋದವರು ಬಂದಿಲ್ಲ ಎಂದು ಅಮ್ಮ ಹೇಳಿದಳು, ದಾರಿಯುದ್ದಕ್ಕೂ ಮತ್ತೆ ಅವರ ಸುದ್ದಿ ಎತ್ತಲಿಲ್ಲ. ಏಳನೇ ತಿರುವಿಗೆ ಹತ್ತಿ ಬಂದರೆ ಅಬ್ಬಾ ಅಲ್ಲಿದ್ದರು. ಬಸ್ಸಿನಲ್ಲಿ ಬಂದು ಕೆಳಗಿನಿಂದ ಐದು ತಿರುವು ನಡೆದು ಹತ್ತಿದ್ದರು. ಕೈಯಲ್ಲಿ ಕಪ್ಪು ಪೇಂಟಿನ ಸಣ್ಣ ಡಬ್ಬಿ, ಸಣ್ಣ ಬ್ರಶ್. ತಮ್ಮ ಲಾರಿಯ ನಂಬರ್ ಪ್ಲೇಟನ್ನು ಯಾವತ್ತೂ ತಾವೇ ಬರೆಯುತ್ತಿದ್ದ ಬ್ರಶ್ ಅದು. ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಆಗಲೇ ಅಳಿಸಿಯಾಗಿತ್ತು. ಕಾವ್ಯಶ್ರೀ, ರಾಘು, ಸೈಕಲ್ ಹಿಡಿದ ಹತ್ತಿಪ್ಪತ್ತು ಜನ, ನಂಬರು ಸಾಕು ಎಂದಿದ್ದ ಸಮಿತಿಯ ಹಿರಿಯರೂ ಸುತ್ತ ನಿಂತಿದ್ದರು.

ಅಬ್ಬಾ ಬ್ರಶ್ ಅದ್ದಿದರು. ‘ಬಿಸ್ಮಿಲ್ಲಾ’ಗೂ ‘ತಿರುವು’ಗೂ ನಡುವೆ ಒಂದು ಅಕ್ಷರಕ್ಕೆ ಜಾಗವಿರಲಿಲ್ಲ. ಸ್ವಲ್ಪ ಯೋಚಿಸಿ, ಎರಡು ಪದಗಳ ನಡುವೆ ಕೆಳಗೊಂದು ಹಂಸಪಾದ ಹಾಕಿದರು, ಶಾಲೆಯಲ್ಲಿ ನಾವು ಬಿಟ್ಟುಹೋದ ಅಕ್ಷರಕ್ಕೆ ಹಾಕುತ್ತಿದ್ದ ಹಾಗೆ. ಅದರ ಮೇಲೆ ‘ಬಿ’ ಎಂದು ಬರೆದರು. ಗುಡಿಸು ಸ್ವಲ್ಪ ಉದ್ದವಾಯಿತು.

ಅಮ್ಮ ಬೋರ್ಡಿನ ಹತ್ತಿರ ಹೋಗಿ ನಿಂತಳು. ಎಂತ ಬರೆದಿದೆ ಎಂದು ಕೇಳಿದಳು. ನಾನು ಓದಲು ಬಾಯಿ ತೆರೆದೆ.

“ನೀನಲ್ಲ,” ಎಂದಳು. “ಬರೆದವರು ಓದ್ಲಿ.”

ಅಬ್ಬಾ ನನ್ನ ಮುಖ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಅಮ್ಮ ಕಾಯಲಿಲ್ಲ, ದಾರಿ ದಾಟಿ ಕಪ್ಪು ಕಲ್ಲಿನ ಹಿಂದೆ ತನ್ನ ಜಾಗಕ್ಕೆ ಹೋಗಿ, ನಮಗೆ ಬೆನ್ನು ಹಾಕಿ ಕಣಿವೆಯ ಕಡೆ ನೋಡುತ್ತ ನಿಂತಳು. ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

ಅಬ್ಬಾ ಬ್ರಶ್ಶನ್ನು ಡಬ್ಬಿಯ ಮೇಲಿಟ್ಟರು.

“ಬಿಸ್ಮಿಲ್ಲಾ ಬಿ,” ಎಂದರು. ತಿರುವು ಎನ್ನುವುದನ್ನು ಓದಲಿಲ್ಲ, ಅಲ್ಲಿಗೇ ನಿಲ್ಲಿಸಿದರು.

ಅಮ್ಮ ತಿರುಗದೆಯೇ, ಯಾರೋ ಕರೆದರೆ ಹೇಳುವ ಹಾಗೆ, “ಓ,” ಎಂದಳು.